ಖಾದರಸಾಬರ ಕೊನೆಯ ಸ್ಕೂಟರು

ನಡೆಯುವಾಗ ಖಾದರಸಾಬರ ಮೈ ತುಸು ಎಡಕ್ಕೆ ವಾಲುತ್ತಿತ್ತು. ಹುಟ್ಟಿನಿಂದ ಬಂದ ಊನವಲ್ಲ. ಹಳೆಯ ಗೇರಿನ ಸ್ಕೂಟರುಗಳಿಗೆ ಇಂಜಿನ್ನು ಬಲ ಮಗ್ಗುಲಿಗಿರುತ್ತಿತ್ತು. ಓಡಿಸುವವನು ತನಗೇ ಗೊತ್ತಿಲ್ಲದಂತೆ ಮೈಯನ್ನು ಎಡಕ್ಕೆಳೆದು ಅದರ ಭಾರ ಸರಿದೂಗಿಸಬೇಕಿತ್ತು. ಸವಣೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ರಿಪೇರಿಗೆ ಬಂದ ಪ್ರತಿಯೊಂದು ಸ್ಕೂಟರನ್ನೂ ತಾವೇ ಓಡಿಸಿ ನೋಡಿ ಮಾಲೀಕನ ಕೈಗೆ ಕೊಡುತ್ತಿದ್ದ ಖಾದರಸಾಬರಿಗೆ ಆ ವಾಲು ಮೈಗೆ ಹತ್ತಿಬಿಟ್ಟಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಅಖ್ತರುನ್ನೀಸಾ ಅದನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಒಂದು ಕಾಲಕ್ಕೆ ಆ ಶೆಡ್ಡಿನ ಮುಂದೆ ಸ್ಕೂಟರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಮಾಸ್ತರರು, ಬ್ಯಾಂಕಿನವರು, ಖಾರಾ ಅಂಗಡಿಯವರು, ಮುಂದಿನ ಕಾಲಿಡುವ ಜಾಗದಲ್ಲಿ ವೀಳ್ಯದೆಲೆಯ ಪೆಂಡಿ ಇಟ್ಟುಕೊಂಡು ಹೋಗುವ ತೋಟದವರು ಎಲ್ಲರದೂ ಅದೇ ಬಂಡಿ. ಆಮೇಲೆ ಬೈಕುಗಳು ಬಂದವು. ಬೈಕಿನ ಹಿಂದೆ ಗೇರಿಲ್ಲದ ಹೊಸ ಸ್ಕೂಟರುಗಳು ಬಂದವು. ಎಲೆ ತೋಟದ ಗುತ್ತೆಪ್ಪ ಒಬ್ಬನೇ ಬಹಳ ದಿನ ಹಳೆಯದನ್ನು ಹಿಡಿದುಕೊಂಡಿದ್ದ. ಅವನೂ ಒಂದು ದೀಪಾವಳಿಗೆ ಹೊಸದು ತಂದು, ಶೆಡ್ಡಿನ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸಿಕೊಂಡು ಹೋದ. ಆ ಸಂಜೆ ಖಾದರಸಾಬರು ಬೋಲ್ಟು ಬಿಗಿಯುವ ಪಾನಾಗಳನ್ನು ಒಂದು ಗೋಣಿಚೀಲಕ್ಕೆ ತುಂಬಿ ಮನೆಗೆ ತಂದರು. ಶೆಡ್ಡಿನಲ್ಲಿ ಈಗ ಯಾರೋ ಮೊಬೈಲ್ ಅಂಗಡಿ ನಡೆಸುತ್ತಾರೆ.

ಅವರದೇ ಒಂದು ಸ್ಕೂಟರು ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಿಂತಿತ್ತು. ಅದರ ಇಂಜಿನ್ನು ಜಾಮ್ ಆಗಿ ವರ್ಷಗಳಾಗಿದ್ದವು. ಹುಬ್ಬಳ್ಳಿಯ ಗುಜರಿ ಓಣಿಗಳನ್ನೆಲ್ಲ ಸುತ್ತಿದರೂ ಅದಕ್ಕೆ ಸಿಲಿಂಡರು ಸಿಕ್ಕಿರಲಿಲ್ಲ.

ಒಬ್ಬನೇ ಮಗ ಅಕೀಬ ಐ.ಟಿ.ಐ. ಮುಗಿಸಿ ಶಿಗ್ಗಾವಿಯ ಬೈಕ್ ಶೋರೂಮೊಂದರ ವರ್ಕ್‌ಶಾಪಿಗೆ ಸೇರಿದ್ದ. ಹಾನಗಲ್ಲಿನ ಫರ್ಹತಳನ್ನು ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಿನ್ನೂ ಆಗಿರಲಿಲ್ಲ. ಒಂದು ಭಾನುವಾರ ಅವನು ಬಂಕಾಪುರದ ಗುಜರಿಯಿಂದ ಬೈಕಿನ ಇಂಜಿನ್ನೊಂದನ್ನು ಆಟೋದಲ್ಲಿ ಹಾಕಿಕೊಂಡು ಬಂದು ಅಂಗಳದಲ್ಲಿ ಇಳಿಸಿದ.

"ಅಬ್ಬಾ, ಇದನ್ನ ನಿಮ್ಮ ಸ್ಕೂಟರಿಗೆ ಕೂಡಸ್ತೇನಿ."

ಖಾದರಸಾಬರು ಆ ಇಂಜಿನ್ನನ್ನು ಕಾಲಿನಿಂದ ಒಮ್ಮೆ ಸರಿಸಿ ನೋಡಿದರು. "ಎಮ್ಮಿ ಹೊಟ್ಟ್ಯಾಗ ಕುದುರಿ ಕರುಳು ಹಾಕ್ತೀಯೇನು? ಅದು ಸ್ಕೂಟರ್ ಆಗಿ ಹುಟ್ಟೇತಿ, ಸ್ಕೂಟರ್ ಆಗೇ ಸಾಯಲಿ ಬಿಡು."

ಅಕೀಬ ನಕ್ಕ. ಬಿಡಲಿಲ್ಲ. ರಜೆಯ ದಿನಗಳಲ್ಲಿ ಸೀಟಿನ ಕೆಳಗಿನ ತಗಡು ಕೊಯ್ದ, ಹಳೆಯ ಇಂಜಿನ್ನು ಕೆಳಗಿಳಿಸಿದ, ಬೈಕಿನ ಇಂಜಿನ್ನು ಕೂರಲೆಂದು ಕಬ್ಬಿಣದ ಪೈಪು ಬಗ್ಗಿಸಿ ತೊಟ್ಟಿಲು ಮಾಡತೊಡಗಿದ. ಖಾದರಸಾಬರು ಕಟ್ಟೆಯ ಮೇಲೆ ಅವನಿಗೆ ಬೆನ್ನು ಮಾಡಿ ಕುಳಿತು ಚಹಾ ಕುಡಿಯುತ್ತಿದ್ದರು. ಕಣ್ಣು ಆಚೆಗಿದ್ದರೂ ಕಿವಿ ಈಚೆಗೇ ಇರುತ್ತಿತ್ತು. ಗರಗಸ ತಪ್ಪಾಗಿ ಆಡಿದರೆ ಅವರ ಹುಬ್ಬು ಗಂಟಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಶುಕ್ರವಾರ. ಅಕೀಬ ಜುಮ್ಮಾ ನಮಾಜು ಮುಗಿಸಿ ಬಂದು, ಎದೆ ಹಿಡಿದಂತೆ ಆಗುತ್ತದೆ ಎಂದು ಮೆಟ್ಟಿಲ ಮೇಲೆ ಕುಳಿತ. ಫರ್ಹತ ನೀರು ತರಲು ಒಳಗೆ ಹೋದಳು. ತಂಬಿಗೆ ಹಿಡಿದು ಹೊರಬರುವಷ್ಟರಲ್ಲಿ ಅವನು ಬಾಗಿಲ ಚೌಕಟ್ಟಿಗೆ ಒರಗಿದ್ದ. ಕಣ್ಣು ತೆರೆದೇ ಇತ್ತು. ಸರಕಾರಿ ದವಾಖಾನೆಗೆ ಒಯ್ದರು. ಡಾಕ್ಟರು ನಾಡಿ ಹಿಡಿದು ನೋಡಿ, ಖಾದರಸಾಬರ ಹೆಗಲ ಮೇಲೆ ಕೈಯಿಟ್ಟರು. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಒಂದು ಬೀಡಿಯ ಚಟವೂ ಇರಲಿಲ್ಲ. ಯಾಕೆ ಹೀಗಾಯಿತೆಂದು ಬಂದವರೆಲ್ಲ ಕೇಳಿದರು, ಯಾರಿಗೂ ಗೊತ್ತಿರಲಿಲ್ಲ.

ಫರ್ಹತ ಇದ್ದತ್ತಿಗೆ ಕುಳಿತಳು. ಗಂಡ ತೀರಿಕೊಂಡ ಹೆಣ್ಣುಮಗಳು ಮನೆಯ ಅಂಗಳ ದಾಟದೆ, ಬಣ್ಣ ಉಡದೆ, ನಾಲ್ಕು ತಿಂಗಳು ಹತ್ತು ದಿನ ಕಳೆಯಬೇಕಾದ ಕಾಲ ಅದು. ಅಖ್ತರುನ್ನೀಸಾ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳೆಂದರೆ ಊಟಕ್ಕೆ ಎಬ್ಬಿಸಬೇಕಿತ್ತು. ಮೂವರಿದ್ದ ಮನೆಯಲ್ಲಿ ಮಾತು ಎಂಬುದು ಪಾತ್ರೆಗಳ ಸದ್ದಿಗಿಂತ ಕಡಿಮೆಯಾಯಿತು.

ಖಾದರಸಾಬರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಸೀದಿಗೆ ಹೋದರೆ ಜನ ಸಮಾಧಾನ ಹೇಳುತ್ತಿದ್ದರು. ಸಮಾಧಾನ ಕೇಳಿ ಕೇಳಿ ಸುಸ್ತಾಗಿ ಮನೆಗೆ ಬರುತ್ತಿದ್ದರು. ಮನೆಯ ಅಂಗಳದಲ್ಲಿ ಹೊಟ್ಟೆ ಸೀಳಿದ ಸ್ಕೂಟರು ಹಾಗೇ ನಿಂತಿತ್ತು. ಒಂದು ಬೆಳಗ್ಗೆ ಅದರ ಮೇಲೆ ಬಿದ್ದ ಬೇವಿನೆಲೆ ಗುಡಿಸಲೆಂದು ಹೋದವರು, ಪೈಪಿನ ತೊಟ್ಟಿಲಿಗೆ ಅಕೀಬ ಅರ್ಧ ತಿರುಗಿಸಿ ಬಿಟ್ಟಿದ್ದ ಬೋಲ್ಟು ನೋಡಿದರು. ಆಮೇಲೆ ಗೋಣಿಚೀಲ ಬಿಚ್ಚಿ ಪಾನಾ ತೆಗೆದು ಅದನ್ನು ಪೂರ್ತಿ ಬಿಗಿದರು.

ಅಲ್ಲಿಂದ ದಿನವೂ ಕುಳಿತರು. ಸ್ಕೂಟರಿನ ಒಳಹೊರಗೆಲ್ಲ ಅವರಿಗೆ ಗೊತ್ತು. ಬೈಕಿನ ಇಂಜಿನ್ನು ಮಾತ್ರ ಪರರ ಮನೆ ಇದ್ದಂತೆ. ಸ್ಕೂಟರಿಗೆ ಚೈನಿಲ್ಲ, ಇಂಜಿನ್ನೇ ಗಾಲಿಯನ್ನು ಹಿಡಿದಿರುತ್ತದೆ. ಇದಕ್ಕೋ ಚೈನು ಬೇಕು, ಗಾಲಿಗೆ ಹಲ್ಲಿನ ಚಕ್ರ ಬೇಕು, ಗಾಲಿಯನ್ನು ಹಿಡಿಯಲು ಬೈಕಿನ ಚಿಮಟಾ ಬೇಕು. ಎಲ್ಲ ಕೂಡಿಸಿ ಗಾಲಿ ತಿರುವಿದರೆ ಚೈನು ಕಟಕಟ ಎಂದು ಕೆಳಗೆ ಬೀಳುತ್ತಿತ್ತು. ಹಾಕಿದರೆ ಬೀಳುತ್ತಿತ್ತು, ಮತ್ತೆ ಹಾಕಿದರೆ ಮತ್ತೆ ಬೀಳುತ್ತಿತ್ತು.

"ನೂಲು ಹಿಡೀಬೇಕಂತ್ರಿ ಅಬ್ಬಾ."

ಖಾದರಸಾಬರು ತಲೆ ಎತ್ತಿದರು. ಫರ್ಹತ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಏನಂದಿ?"

"ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ನೂಲು ಹಿಡದು ನೋಡಬೇಕು, ಎರಡೂ ಒಂದ ಗೀಟಿನಾಗ ಬಂದಮ್ಯಾಲೆ ಚೈನ್ ಹಾಕಬೇಕು ಅಂತಿದ್ರು ಅವರು. ಊಟಕ್ಕ ಕುಂತಾಗ ಎಲ್ಲಾ ಹೇಳ್ತಿದ್ರು. ತಾಟಿನ ಅನ್ನದಾಗ ಬಟ್ಟಿಲೆ ಗೀಟು ಹೊಡದು ತೋರಸ್ತಿದ್ರು. ನನಗೇನೂ ತಿಳೀತಿದ್ದಿಲ್ಲ, ಹೂಂ ಹೂಂ ಅಂತಿದ್ದೆ."

ಹೊಲಿಗೆ ಡಬ್ಬಿಯಿಂದ ನೂಲಿನ ಉಂಡೆ ತಂದು ಒಂದು ತುದಿ ಅವಳೇ ಹಿಡಿದಳು. ಹಿಂದಿನ ಗಾಲಿ ಒಂದು ಬೆರಳಿನಷ್ಟು ಎಡಕ್ಕಿತ್ತು.

ಆ ದಿನದಿಂದ ಮುಂಜಾನೆಯ ಕೆಲಸ ಮುಗಿದ ಮೇಲೆ ಫರ್ಹತ ಅಂಗಳಕ್ಕೆ ಬಂದು ಕಟ್ಟೆಯ ಮೇಲೆ ಕುಳಿತುಕೊಳ್ಳುವಳು. ನೆನಪಾದದ್ದನ್ನು ಹೇಳುವಳು. ಗೇರು ಕೈಯಲ್ಲಿ ಬೇಡ, ಕಾಲಿಗೇ ಇರಲಿ, ಸಣ್ಣ ಸಲಾಕೆಯಿಂದ ಅದನ್ನು ಮುಂದಿನ ಹಲಗೆಗೆ ತರಬೇಕು ಅಂತಿದ್ದರು. ಇಂಜಿನ್ನಿಗೆ ಗಾಳಿ ಬೇಕು, ಪಕ್ಕದ ಮುಚ್ಚಳಕ್ಕೆ ಕಿಂಡಿ ಕೊಯ್ಯಬೇಕು ಅಂತಿದ್ದರು. ಹೀಗೆ ಅಕೀಬ ಊಟದ ತಾಟಿನಿಂದ ಎದ್ದು ಚೂರು ಚೂರಾಗಿ ಅಂಗಳಕ್ಕೆ ಬರುತ್ತಿದ್ದ. ಖಾದರಸಾಬರಿಗೆ ಮಗನ ಬಗ್ಗೆ ಇಷ್ಟು ಮಾತು ಅವನು ಬದುಕಿದ್ದಾಗಲೂ ಕೇಳಿದ ನೆನಪಿರಲಿಲ್ಲ.

ಒಂದು ದಿನ ಅವರು ಕೇಳಿದರು. "ಇಷ್ಟ್ಯಾಕ ಹಟಾ ಹಿಡದಿದ್ದ ಅಂವ? ಅಂವಗ ಬೈಕ್ ಇತ್ತಲ್ಲ."

"ನಿಮಗಂತ್ರಿ." ಫರ್ಹತ ನೆಲ ನೋಡುತ್ತ ಹೇಳಿದಳು. "ಅಬ್ಬಾಗ ಮೊಳಕಾಲು ನೋವು, ಬೈಕಿನ ಮ್ಯಾಲೆ ಕಾಲೆತ್ತಿ ಕುಂದ್ರಾಕ ಆಗಂಗಿಲ್ಲ. ಗೇರಿಲ್ಲದ್ದು ಕೊಡಸಿದ್ರ ಹತ್ತಂಗಿಲ್ಲ, ಸಿಟ್ಟು. ತಮ್ಮ ಸ್ಕೂಟರೇ ಆದ್ರ ಹತ್ತತಾರ ಅಂತಿದ್ರು."

ಖಾದರಸಾಬರು ಎದ್ದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದರು. ಮಸಿ ಹೋದ ಮೇಲೂ ತೊಳೆಯುತ್ತಲೇ ಇದ್ದರು.

ಮೊದಲ ಸಲ ಇಂಜಿನ್ನು ಹತ್ತಿದ್ದು ಒಂದು ಮಧ್ಯಾಹ್ನ. ಕಿಕ್ಕು ಹೊಡೆದು ಹೊಡೆದು ಅವರ ಮೊಳಕಾಲು ಸೋತಿತ್ತು. ಒಮ್ಮೆ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಇಡೀ ಅಂಗಳ ನಡುಗುವಂತೆ ಓಡಿತು. ಫರ್ಹತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಖಾದರಸಾಬರಿಗೆ ತಿಳಿಯಲಿಲ್ಲ.

ಆ ಸದ್ದಿಗೆ ಅಖ್ತರುನ್ನೀಸಾ ಹೊರಗೆ ಬಂದಳು. ಬಿಚ್ಚಿದ ಕೂದಲು, ನಿದ್ದೆಯಿಂದ ಬಾತ ಮುಖ.

"ಬಂದ್ ಮಾಡ್ರಿ ಅದನ್ನ."

ಖಾದರಸಾಬರು ಬಂದ್ ಮಾಡಿದರು.

"ಮಗಾ ಮಣ್ಣಾಗ ಮಲಗ್ಯಾನ. ನೀವಿಬ್ರೂ ಇಲ್ಲಿ ಆಟಾ ಆಡಾಕತ್ತೀರೇನು?"

ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸ್ಕೂಟರು ಓಡುವಂತಾದ ಮೇಲೆ ಖಾದರಸಾಬರ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ನಿನ್ನೆ ಬಿಗಿದ ಬೋಲ್ಟನ್ನು ಇವತ್ತು ಸಡಿಲಿಸುವರು. ಸರಿಯಿದ್ದ ಬ್ರೇಕಿನ ವೈರು ತೆಗೆದು ಮತ್ತೆ ಹಾಕುವರು. ಬಳಿದ ಬಣ್ಣವನ್ನು ಉಜ್ಜಿ ತೆಗೆದು ಮತ್ತೊಮ್ಮೆ ಬಳಿಯುವರು.

"ಅಬ್ಬಾ, ಅದು ನಿನ್ನೆನ ಸರಿ ಇತ್ತಲ್ರಿ," ಎಂದಳು ಫರ್ಹತ ಒಂದು ದಿನ.

"ಇನ್ನೊಂಚೂರು ಐತಿ," ಎಂದರು ಅವರು, ಅವಳ ಕಡೆ ನೋಡದೆ.

ಇದ್ದತ್ತು ಮುಗಿಯುತ್ತ ಬಂದಿತ್ತು. ಇಬ್ಬರಿಗೂ ಗೊತ್ತಿತ್ತು.

ಮುಗಿದ ವಾರವೇ ಹಾನಗಲ್ಲಿನಿಂದ ಫರ್ಹತಳ ಅಣ್ಣ ಮುಬಶೀರ ಕಾರು ತೆಗೆದುಕೊಂಡು ಬಂದ. ಕಿರಾಣಿ ಅಂಗಡಿಯ ಮನುಷ್ಯ, ಮೆತ್ತಗಿನ ಮಾತಿನವನು. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಬಹಳ ಹಿಂಜರಿದು ಬಾಯಿ ತೆಗೆದ.

"ತಂಗೀನ ಕರಕೊಂಡು ಹೋಗಾಕ ಬಂದೇನ್ರಿ. ನಮ್ಮ ಅಮ್ಮಾ ಬಾಳ ಮನಸಿಗೆ ಹಚಕೊಂಡಾಳ."

"ನಾಕು ದಿನಾ ಇರಲಾಕ ಹೋಗ್ಲಿ, ಬ್ಯಾಡ ಅನ್ನಂಗಿಲ್ಲ," ಎಂದಳು ಅಖ್ತರುನ್ನೀಸಾ ಬಾಗಿಲ ಮರೆಯಿಂದ. "ಆದ್ರ ಇದು ಆಕಿ ಮನಿ. ನಮ್ಮ ಸೊಸಿ ನಮ್ಮ ಮನ್ಯಾಗ ಇರತಾಳ. ಅಂವ ಬಿಟ್ಟು ಹೋಗಿದ್ದು ನಮಗ ಆಕಿ ಒಬ್ಬಾಕಿನ."

ಮುಬಶೀರ ತಲೆ ತಗ್ಗಿಸಿದ. "ಆಕಿಗೆ ಇನ್ನೂ ಇಪ್ಪತ್ನಾಕ್ರಿ, ಅಮ್ಮಾ."

ಎಲ್ಲರೂ ಖಾದರಸಾಬರ ಕಡೆ ನೋಡಿದರು. ಸೊಸೆ ಇಲ್ಲೇ ಇರಲಿ ಎಂದು ಅವರಿಗೂ ಆಸೆಯಿತ್ತು. ಅವಳು ಹೋದರೆ ಅಂಗಳಕ್ಕೆ ಬಂದು ಅಕೀಬನ ಮಾತು ಹೇಳುವವರು ಯಾರು? ಆದರೆ ಬ್ರೇಕಿನ ವೈರನ್ನು ಬಿಚ್ಚಿ ಕಟ್ಟಿದಂತೆ ಒಂದು ಜೀವವನ್ನು ದಿನ ದಿನವೂ ತಡೆದು ನಿಲ್ಲಿಸಲು ಬರುವುದಿಲ್ಲ ಎಂಬುದೂ ಅವರಿಗೆ ಗೊತ್ತಾಗಿತ್ತು.

"ಬೇಟಿ, ನೀನ ಹೇಳವಾ. ನಿನ್ನ ಮನಸ್ಸಿನಾಗ ಏನೈತಿ?"

ಫರ್ಹತ ಸೆರಗಿನ ಅಂಚು ಬೆರಳಿಗೆ ಸುತ್ತಿದಳು. "ಹೋಗ್ತೇನ್ರಿ ಅಬ್ಬಾ," ಎಂದಳು. "ಇಲ್ಲಿ ನನಗ ನಿದ್ದಿ ಬರಂಗಿಲ್ಲ. ಅವರು ಕುಂತ ಆ ಮೆಟ್ಟಲಾ ದಾಟೂದು ಆಗಂಗಿಲ್ಲ ನನಗ."

ಒಳಗಿನಿಂದ ಅಖ್ತರುನ್ನೀಸಾ ಒಂದು ದನಿ ತೆಗೆದಳು. ಅದು ಅಳುವಾಗಿರಲಿಲ್ಲ, ಮಾತೂ ಆಗಿರಲಿಲ್ಲ.

ಟ್ರಂಕು, ಹಾಸಿಗೆ ಕಾರಿನಲ್ಲಿ ಹಾಕಿದರು. ಹತ್ತುವ ಹೊತ್ತಿಗೆ ಫರ್ಹತ ಅಣ್ಣನಿಗೆ ಹೇಳಿದಳು, "ನೀ ಸಾಮಾನು ಒಯ್ಯಿ ಭೈಯಾ. ನಾ ಅಬ್ಬಾನ ಜೋಡಿ ಸ್ಕೂಟರಿನ ಮ್ಯಾಲ ಬರ್ತೇನಿ." ಮುಬಶೀರ ಆ ವಿಚಿತ್ರ ಬಂಡಿಯನ್ನು ನೋಡಿದ. ಸ್ಕೂಟರಿನ ಮುಖ, ಪಕ್ಕದಲ್ಲಿ ಕಿಂಡಿಗಳ ಸಾಲು, ಹಿಂದೆ ಬೈಕಿನ ಚೈನು. ಬೇಡವೆನ್ನಲು ಬಾಯಿ ತೆರೆದವನು ತಂಗಿಯ ಮುಖ ನೋಡಿ ಕಾರು ಹತ್ತಿದ.

ಅದೇ ಅದರ ಮೊದಲ ದೂರದ ಓಟ. ಊರ ಹೊರಗೆ ಬಂದೊಡನೆ ಖಾದರಸಾಬರ ಮೈ ತನ್ನಷ್ಟಕ್ಕೆ ಎಡಕ್ಕೆ ವಾಲಿತು, ಸ್ಕೂಟರೂ ಎಡಕ್ಕೆ ಹೋಯಿತು. ಇಂಜಿನ್ನು ಈಗ ನಟ್ಟನಡುವೆ ಇತ್ತು. ಬಲಕ್ಕೆ ಎಳೆಯುವ ಭಾರವೇ ಇರಲಿಲ್ಲ. ಇಷ್ಟು ವರ್ಷ ಕಲಿತದ್ದನ್ನು ಮರೆತು ನೆಟ್ಟಗೆ ಕೂರುವುದು ಅವರಿಗೆ ಬಂಕಾಪುರ ಬರುವವರೆಗೂ ಕೈಗೂಡಲಿಲ್ಲ.

ಬಂಕಾಪುರದಲ್ಲಿ ಇಂಜಿನ್ನು ಕಾದು ವಾಸನೆ ಬರತೊಡಗಿತು. ಎಷ್ಟು ಕಿಂಡಿ ಕೊಯ್ದರೂ ಆ ಒಂದು ರೋಗ ಹೋಗಿರಲಿಲ್ಲ. ಚಹಾದಂಗಡಿಯ ಪಕ್ಕ ನಿಲ್ಲಿಸಿದರು. ಇಬ್ಬರೂ ಬೆಂಚಿನ ಮೇಲೆ ಕುಳಿತರು. ಹೈವೇಯ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಫರ್ಹತ ಬುರಖಾದ ಮುಸುಕು ಮೇಲೆತ್ತಿ ಚಹಾ ಕುಡಿದಳು. ಬೀದಿಯ ಬಿಸಿಲು ಕಾಣದೆ ತಿಂಗಳುಗಳಾಗಿದ್ದ ಮುಖ ಬಿಳಿಚಿಕೊಂಡಿತ್ತು.

"ಒಂದು ಮಾತು ಹೇಳ್ತೇನಿ," ಎಂದರು ಖಾದರಸಾಬರು. "ನಾಳೆ ಯಾರರ ಕೇಳಿಕೊಂಡು ಬಂದ್ರ, ಮನಶ್ಯಾ ಚಲೋ ಇದ್ರ, ಒಲ್ಲೆ ಅನಬ್ಯಾಡ. ನಮ್ಮ ಮಾರಿ ನೋಡಿ ಒಲ್ಲೆ ಅನಬ್ಯಾಡ."

ಫರ್ಹತ ಕಪ್ಪಿನ ತಳದಲ್ಲಿ ಉಳಿದ ಚಹಾ ನೋಡುತ್ತಿದ್ದಳು. ಕಡೆಗೆ ಎದ್ದು ಸ್ಕೂಟರಿನ ಪಕ್ಕ ಕೈ ಹಿಡಿದು ನೋಡಿ, "ತಣ್ಣಗಾಗೇತ್ರಿ ಅಬ್ಬಾ, ಹೋಗೂಣ್ರಿ," ಎಂದಳು.

ಹಾನಗಲ್ಲು ಮುಟ್ಟುವವರೆಗೆ ಅವಳು ಹಿಂದಿನಿಂದ ಅವರ ಅಂಗಿಯ ಚುಂಗು ಹಿಡಿದಿದ್ದಳು. ಅವಳ ತಾಯಿ ಊಟ ಮಾಡಿ ಹೋಗಿರೆಂದು ಎಷ್ಟು ಬೇಡಿಕೊಂಡರೂ ಖಾದರಸಾಬರು ಒಳಗೆ ಹೋಗಲಿಲ್ಲ. ತಿರುಗಿ ಬರುವಾಗ ಹಿಂದೆ ಭಾರವಿಲ್ಲದ ಸ್ಕೂಟರು ತಗ್ಗು ಬಂದಲ್ಲೆಲ್ಲ ಪುಟಿಯುತ್ತಿತ್ತು.

ಮನೆಯಲ್ಲಿ ಅಖ್ತರುನ್ನೀಸಾ ತಿಂಗಳುಗಟ್ಟಲೆ ಅವರೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಊಟಕ್ಕೆ ಕರೆಯುವಾಗಲೂ ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು. ಸೊಸೆಯನ್ನು ಅವರೇ ಬಿಟ್ಟು ಬಂದರೆಂಬ ಸಿಟ್ಟು ಆಕೆಗೆ. ಖಾದರಸಾಬರು ಸ್ಕೂಟರಿನ ಮೇಲೆ ಹಾಲಿಗೆ ಹೋಗುವರು, ಸಂತೆಗೆ ಹೋಗುವರು. ಹುಡುಗರು ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಎದುರಿಗೆ ಸಿಕ್ಕ ಗುತ್ತೆಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, "ಇದಕ್ಕ ಕಾಗದ ಪತ್ರ ಯಾವೂ ಹೊಂದಂಗಿಲ್ಲಲ್ರಿ ಸಾಬರ. ಪೊಲೀಸರ ಕಣ್ಣಿಗೆ ಬೀಳಬ್ಯಾಡ್ರಿ," ಎಂದ. ಅಲ್ಲೇ ಇನ್ನೊಂದಿಷ್ಟು ಹೊತ್ತು ನಿಂತು, "ಅಕೀಬ ಇದ್ದಿದ್ರ..." ಎಂದವನು ಮಾತು ಮುಗಿಸದೆ ಹೋದ.

ಮುಂದಿನ ವರ್ಷ ಬೇಸಿಗೆಗೆ ಮುಬಶೀರನ ಫೋನು ಬಂತು. ಫರ್ಹತಳಿಗೆ ಗೊತ್ತು ಮಾಡಿದ ಹುಡುಗ ಹಿರೇಕೆರೂರಿನವನು, ಬೀಜದ ಅಂಗಡಿ ಇದೆ, ಮೊದಲ ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಾಳೆ. ನಿಕಾಹ್ ಹಾನಗಲ್ಲಿನಲ್ಲೇ, ಮನೆ ಮಟ್ಟಿಗೆ. "ಬರ್ರಿ ಅನ್ನಾಕ ನನಗ ಬಾಯಿ ಇಲ್ಲ. ಆದ್ರ ನಿಮಗ ಹೇಳಲಾರದ ಮಾಡಬಾರದು ಅಂತ ಫರ್ಹತ ಹಟಾ ಹಿಡದಾಳ."

"ನಾ ಬರಂಗಿಲ್ಲ," ಎಂದಳು ಅಖ್ತರುನ್ನೀಸಾ. "ನೀವ ಬಿಟ್ಟು ಬಂದವರು, ನೀವ ಹೋಗಿ ದುವಾ ಮಾಡಿ ಬರ್ರಿ."

ಖಾದರಸಾಬರು ತೊಳೆದ ಅಂಗಿ ತೊಟ್ಟು, ತಲೆಗೆ ಟೋಪಿ ಇಟ್ಟು, ಬೆಳಗಿನ ಚಹಾ ಕೂಡ ಕುಡಿಯದೆ ಹೊರಟರು. ಬಂಕಾಪುರ ದಾಟಿದರು. ಹಾನಗಲ್ಲು ಇನ್ನು ಸ್ವಲ್ಪ ದೂರ ಇರುವಾಗ ಇಂಜಿನ್ನು ಮತ್ತೆ ಕಾಯಿತು. ರಸ್ತೆಯ ಪಕ್ಕ ಒಂದು ಕೆರೆಯ ಏರಿ. ಸ್ಕೂಟರು ನಿಲ್ಲಿಸಿ, ತಣ್ಣಗಾಗಲೆಂದು ಏರಿಯ ಕಲ್ಲಿನ ಮೇಲೆ ಕುಳಿತರು. ಕೆರೆಯಲ್ಲಿ ನೀರು ತಳಕ್ಕಿಳಿದಿತ್ತು. ಎರಡು ಎಮ್ಮೆ ಕೆಸರಲ್ಲಿ ಬಿದ್ದುಕೊಂಡಿದ್ದವು. ಹೋದ ಕೂಡಲೆ ಏನು ಹೇಳಬೇಕು? ಹೊಸ ಅಳಿಯನ ಕೈ ಹಿಡಿದು ಏನು ಅನ್ನಬೇಕು? ಅವಳು ತಮ್ಮನ್ನು ನೋಡಿದಾಗ ಅವಳ ಮುಖದಲ್ಲಿ ಏನು ಬರುತ್ತದೆ? ತಾವು ಹೋಗಿ ನಿಂತರೆ ಅವಳ ಕಣ್ಣಿಗೆ ಇವತ್ತೂ ಅಕೀಬನೇ ಬಂದು ನಿಲ್ಲುವುದಿಲ್ಲವೆ?

ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಇಂಜಿನ್ನು ಯಾವಾಗಲೋ ತಣ್ಣಗಾಗಿತ್ತು. ಎದ್ದಾಗ ಎಲ್ಲಿಂದಲೋ ಅಸರ್ ಅಜಾನು ಕೇಳಿತು. ಈ ಹೊತ್ತಿಗೆ ನಿಕಾಹ್ ಮುಗಿದಿರುತ್ತದೆ. ಅವರು ಸ್ಕೂಟರಿನ ಮುಖವನ್ನು ಸವಣೂರಿನ ಕಡೆ ತಿರುಗಿಸಿದರು.

ಅಖ್ತರುನ್ನೀಸಾ ಅಂಗಳದಲ್ಲಿ ಮೊರ ಇಟ್ಟುಕೊಂಡು ಗೋಧಿ ಹಸನು ಮಾಡುತ್ತಿದ್ದಳು. ಅವರು ಸ್ಕೂಟರು ನಿಲ್ಲಿಸಿದರೂ ತಲೆ ಎತ್ತಲಿಲ್ಲ.

"ಆತೇನು ನಿಕಾಹ್?"

"ಆತು."

ಮೊರ ಒಂದೆರಡು ಸಲ ಆಡಿತು.

"ಯಾವ ಬಣ್ಣ ಉಟ್ಟಿದ್ಲು?"

ಖಾದರಸಾಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹಸರು. ಜರದ ಅಂಚು ಇತ್ತು."

"ಹಸರು ಒಪ್ಪತೈತಿ ಆಕಿಗೆ." ಆಕೆ ಒಂದು ಹರಳು ಆರಿಸಿ ದೂರ ಎಸೆದಳು. "ಅತ್ಲೇನು?"

"ಒಂಚೂರು. ಆಮ್ಯಾಲ ನಕ್ಳು."

"ಅಂವ ಹೆಂಗದಾನ?"

"ಚಲೋ ಅದಾನ. ಮೆತ್ತಗ ಮಾತಾಡ್ತಾನ."

ಆಕೆ ಮತ್ತೆ ಮೊರ ಎತ್ತಿಕೊಂಡಳು. ಖಾದರಸಾಬರು ಒಳಗೆ ಹೋಗಲು ಕಾಲೆತ್ತಿದಾಗ ಹಿಂದಿನಿಂದ ಕೇಳಿದಳು, ಮೊದಲಿಗಿಂತ ಸಣ್ಣ ದನಿಯಲ್ಲಿ.

"ನನ್ನ ಕೇಳಿದ್ಲೇನು?"

"ಕೇಳಿದ್ಲು. ಅಮ್ಮಾ ಯಾಕ ಬರಲಿಲ್ಲ ಅಂದ್ಲು. ಮೈಯಾಗ ಆರಾಮಿಲ್ಲ ಅಂತ ಹೇಳಿದೆ."

"ಚಲೋ ಮಾಡಿದ್ರಿ," ಎಂದಳು ಅಖ್ತರುನ್ನೀಸಾ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಎಷ್ಟೋ ತಿಂಗಳ ಮೇಲೆ ಅವರ ಮುಖವನ್ನೇ ನೋಡಿ ಕೇಳಿದಳು, "ನಿಮ್ದು ಊಟ ಅಲ್ಲೇ ಆಗೇತಲ್ಲ ಮತ್ತ? ರೊಟ್ಟಿ ಮಾಡೂದು ಬ್ಯಾಡಲ್ಲ?"

ಬೆಳಗಿನಿಂದ ಅವರ ಹೊಟ್ಟೆಗೆ ಒಂದು ಗುಟುಕು ಚಹಾ ಸಹ ಹೋಗಿರಲಿಲ್ಲ.

"ಆಗೇತಿ," ಎಂದರು ಖಾದರಸಾಬರು. "ಬಿರ್ಯಾನಿ ಚಲೋ ಮಾಡಿದ್ರು."

ಕೊಡದಿಂದ ಒಂದು ತಂಬಿಗೆ ನೀರು ಮೊಗೆದು, ನಿಂತುಕೊಂಡೇ ಪೂರ್ತಿ ಕುಡಿದರು.